ಅಂಚು

ಶಿವರಾಂಪೇಟೆಯ ನನ್ನ ಅಂಗಡಿಗೆ
ಅಂಚು ಬಿಚ್ಚಿದ್ದೆಲ್ಲ ಬರುತ್ತದೆ.
ಫಾಲ್ಸು, ಪಿಕೋ, ಕುಚ್ಚು, ಒಂದಿಷ್ಟು ಡಾರ್ನಿಂಗು.
ಎಳೆ ನೋಡಿದರೆ ಸಾಕು, ಹೇಳಬಲ್ಲೆ:
ಇದು ಬಾಗಿಲ ಚಿಲಕಕ್ಕೆ ಸಿಕ್ಕಿದ್ದು, ಇದು ಸ್ಕೂಟರಿನ ಚಕ್ರಕ್ಕೆ,
ಇದು ಇಲಿ.

ಆದರೂ ಹನ್ನೊಂದು ದಿನ ನನಗೆ ಕಾಣಲಿಲ್ಲ,
ಕಾಯುವವರ ಮಕ್ಕಳಿಗೆಂದು ಬೆಂಚಿನ ಪಕ್ಕ ಇಟ್ಟ
ಎರಡಡಿ ಗಾಜಿನ ತೊಟ್ಟಿಯಲ್ಲಿ
ಏಂಜೆಲ್ ಮೀನಿನ ಈಜುರೆಕ್ಕೆ
ದಿನಕ್ಕೊಂದೆಳೆ ಕಡಿಮೆಯಾಗುತ್ತಿದ್ದದ್ದು.

ಉದ್ದ ಸೆರಗು ಇಳಿಬಿಟ್ಟು ಮದುವೆಮನೆಗೆ ಬಂದವಳ ಹಾಗೆ
ನಿಧಾನ ತಿರುಗುತ್ತಿತ್ತು ಅದು.
ಹಿಂದೆಹಿಂದೆಯೇ ಮೂರು ಟೈಗರ್ ಬಾರ್ಬು,
ಪಟ್ಟೆಪಟ್ಟೆ ಅಂಗಿಯ ಪುಂಡರು.
ಕೊಲ್ಲುವುದಿಲ್ಲ. ತಿನ್ನುವುದೂ ಇಲ್ಲ.
ಬಂದು ಒಂದು ಚಿವುಟು, ಹೋಗಿ ಒಂದು ಸುತ್ತು,
ಮತ್ತೆ ಬಂದು ಒಂದು ಚಿವುಟು.
ಹೊಟ್ಟೆಗಲ್ಲ, ಹೊತ್ತಿಗೆ.

ನೀರು ಬದಲಿಸಿದೆ,
ನಲ್ಲಿಯದನ್ನು ರಾತ್ರಿಯೆಲ್ಲ ಬಕೆಟ್ಟಿನಲ್ಲಿಟ್ಟು.
ಚಿಟಿಕೆ ಉಪ್ಪು ಹಾಕಿದೆ.
ವಿಮಲಾಕ್ಷಿ ಅಂದಳು, "ದೃಷ್ಟಿ ತೆಗೀರಿ."
ಚಿಕ್ಕತಾಯಿ ಅಂದಳು, "ಅದಕ್ಕೂ ಒಂದು ಪಿಕೋ ಹೊಡೀರಿ."
ನಕ್ಕೆವು. ಆಷಾಢ, ಕೆಲಸವಿಲ್ಲ.
ಮೂರು ಮೆಷೀನು, ಮೂರು ಬಾಯಿ.

ತೊಟ್ಟಿ ಮಾರಿದ ಇನಾಯತ್ ಮಂಡಿ ಮೊಹಲ್ಲಾದಿಂದ ಬಂದ,
ಗಾಜಿಗೆ ಹಣೆ ಒತ್ತಿ ನಿಂತ.
"ಅಕ್ಕಾ, ಇವು ಗುಂಪಿನ ಜಾತಿ.
ಹತ್ತು ಇದ್ರೆ ತಮ್ಮತಮ್ಮಲ್ಲೇ ಕಿತ್ತಾಟ,
ಯಾರು ದೊಡ್ಡೋನು ಯಾರು ಚಿಕ್ಕೋನು,
ಅದ್ರಲ್ಲೇ ದಿನ ಕಳೀತದೆ.
ಮೂರೇ ಇದ್ರೆ ಬೇಜಾರು. ಪಕ್ಕದವರ ಬಾಲ ಕಾಣ್ತದೆ."
"ಹಾಗಾದರೆ ಇನ್ನೂ ಏಳು ಕೊಡಪ್ಪ."
"ಬೇಡ. ಏಂಜೆಲ್ ಜೊತೆ ಇವನ್ನ ಇಡ್ಲೇಬಾರ್ದಿತ್ತು.
ನೀವು ಬಣ್ಣ ನೋಡಿದ್ರಿ, ನಾನು ದುಡ್ಡು ನೋಡ್ದೆ."

ಬಲೆ ಇಳಿಬಿಟ್ಟ. ಎರಡು ಸಿಕ್ಕವು.
ಮೂರನೆಯದು ಕಲ್ಲಿನ ಸಂದಿಗೆ, ಅಲ್ಲಿಂದ ಪಾಚಿಗೆ,
ಅರ್ಧ ಗಂಟೆ ಆಡಿಸಿತು.
ಅಷ್ಟು ಹೊತ್ತೂ ನಾನು ಸ್ಟೂಲಿನ ಮೇಲೆ ಕೂತಿದ್ದೆ,
ಹೋದ ವರ್ಷದ ಆಷಾಢದಲ್ಲಿ ಸುಗುಣ ಕೂರುತ್ತಿದ್ದ ಸ್ಟೂಲು.

ಹುಲ್ಲಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು.
ಕೈ ನಿಧಾನ, ಹೊಲಿಗೆ ನೇರ.
ಸ್ಟೂಲಿನಿಂದ ಕೆಳಗೆ ಇಳಿಯುವ ಜಡೆ.
ಹೂವಿಗೆ ಊವು ಅನ್ನುತ್ತಿದ್ದಳು, ಹಾಲಿಗೆ ಆಲು.
ಡಬ್ಬಿಯಲ್ಲಿ ಮುದ್ದೆ, ಉಪ್ಪೆಸರು.
ನಾವು ಬಯ್ಯಲಿಲ್ಲ. ಯಾರೂ ಬಯ್ಯಲಿಲ್ಲ.
"ಸುಗುಣಾ, ಊವಿನ ಬುಟ್ಟಿ ಕೊಡೇ."
"ಸುಗುಣಾ, ಜಡೆಗೂ ಫಾಲ್ಸ್ ಹಾಕೋಣವಾ?"
ಊವು ಅಂದವಳು ನಾನೇ.
ಮಾರನೆಯ ವಾರ ತುರುಬು ಕಟ್ಟಿಕೊಂಡು ಬಂದಳು.
ಅದರ ಮಾರನೆಯ ವಾರ ಬರಲಿಲ್ಲ.
ಊರಲ್ಲಿ ಏನೋ ಕೆಲಸವಿರಬೇಕು ಅಂದುಕೊಂಡೆವು,
ಅಂದುಕೊಳ್ಳುವುದು ಸುಲಭವಾಗಿತ್ತು.

ಇನಾಯತ್ ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬಿ ಗಂಟು ಹಾಕಿದ.
ಮೂರೂ ಸರಸ್ವತಿಪುರದ ಹಲ್ಲಿನ ಡಾಕ್ಟರ ತೊಟ್ಟಿಗೆ ಹೋದವು.
ಅಲ್ಲೀಗ ಹನ್ನೆರಡಿವೆಯಂತೆ, ಬಡಿದಾಡಿಕೊಂಡು ಚೆನ್ನಾಗಿವೆಯಂತೆ.

ಇಲ್ಲಿ ಏಂಜೆಲ್
ಇನ್ನೂ ಆರು ದಿನ ರೆಕ್ಕೆ ಮಡಚಿ
ಮೋಟಾರಿನ ಹಿಂದೆ ನಿಂತಿತ್ತು.
ತೊಟ್ಟಿ ಪೂರ್ತಿ ಅದರದೇ ಎಂದು
ಅದಕ್ಕೆ ಹೇಳುವುದು ಹೇಗೆ?

ಆಮೇಲೆ ವರಮಹಾಲಕ್ಷ್ಮಿ ಹಬ್ಬ ಹತ್ತಿರವಾಯಿತು.
ಸೀರೆಗಳು ಬೆಂಚು ತುಂಬಿ ನೆಲಕ್ಕಿಳಿದವು,
ನಮ್ಮ ಬಾಯಿಗಳಲ್ಲಿ ಗುಂಡುಸೂಜಿ.
ಯಾವಾಗಲೋ ಹೊಸ ರೆಕ್ಕೆ ಬಂದಿತ್ತು,
ಪಟ್ಟೆಯಿಲ್ಲ, ಬಣ್ಣವಿಲ್ಲ, ಬರೀ ಗಾಜಿನಂಥದ್ದು.
ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರು,
ಬೇರೆಯವರಿಗೆ ಕಾಣದು. ನನಗೆ ಅದೇ ಕಸುಬು.

ಒಂದು ಮಗು ಗಾಜು ತಟ್ಟಿ ಕೇಳಿತು:
"ಇದರ ಲಂಗ ಯಾರು ಕತ್ತರಿಸಿದ್ದು?"
ಚಿಕ್ಕತಾಯಿ ವಿಮಲಾಕ್ಷಿಯನ್ನು ನೋಡಿದಳು,
ವಿಮಲಾಕ್ಷಿ ನನ್ನನ್ನು.
ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ,
ಕಣ್ಣು ಸಿಗಲಿಲ್ಲ, ಮತ್ತೆ ಎಂಜಲು ಹಚ್ಚಿದೆ.

ಗುಂಡಿಯ ಡಬ್ಬಿಯ ತಳದಲ್ಲಿ
ಅವಳ ಒಂಬತ್ತು ದಿನದ ಕೂಲಿ, ಮಡಚಿದ್ದು,
ಹಾಗೇ ಇದೆ.