ಎರಡು ಮುಳ್ಳು

ಬೆಳಿಗ್ಗೆ ಆರೂವರೆ. ಹಾರಂಗಿಯ ಹಿನ್ನೀರ ಮೇಲೆ
ಮಂಜು ಇನ್ನೂ ಹಾಸಿಗೆ ಬಿಟ್ಟಿಲ್ಲ.
ಮೀನುಗಾರಿಕೆ ಇಲಾಖೆಯ ದೋಣಿ,
ನಲವತ್ತು ಕುದುರೆಯ ಮೋಟಾರು,
ದಿನಗೂಲಿಯ ನಾನು.

ಕುದುರೆಗಳು ಕಾಣುವುದಿಲ್ಲ. ನೀರು ಕುಡಿಯುವುದಷ್ಟೇ ಕಾಣುತ್ತದೆ:
ಕೆಳಗೆ ಕಾಲಿನ ಪಕ್ಕದ ಜಾಲರಿ ಕಿಂಡಿಯಲ್ಲಿ ಹೀರಿ
ಮೇಲೆ ಕತ್ತಿನ ಹಿಂದೆ ಸಣ್ಣ ಧಾರೆಯಾಗಿ,
ಹುಡುಗರು ಬೇಲಿಗೆ ಹೊಯ್ದ ಹಾಗೆ, ಬಿಡುತ್ತವೆ.
"ಆ ಧಾರೆ ನಿಂತರೆ ನಿನ್ನ ಕೂಲಿ ನಿಂತಿತು."
ಸುಂಟಿಕೊಪ್ಪದ ಮೊಯ್ದುಕಾಕ ಮೊದಲ ದಿನವೇ ಹೇಳಿದ್ದ.

ಪ್ರತಿ ಪಾಠಕ್ಕೂ ಅವನ ಪೀಠಿಕೆ "ಮೋಳೇ".
ಮಗಳೇ ಅಂತ ಅದರ ಅರ್ಥ;
ನನ್ನ ಕಿವಿಗೆ ಮೊಳೆ ಅಂತಲೇ ಬೀಳುತ್ತದೆ,
ಹೊಡೆದದ್ದನ್ನು ಕೀಳಲಾಗುವುದಿಲ್ಲ.

"ಮೋಳೇ, ಎಡಗಡೆಯದು ಬಿಸಿಯ ಮುಳ್ಳು.
ಬಲಗಡೆಯದು ನೀರಿನ ಒತ್ತಡದ್ದು.
ದೋಣಿ ಸುಮ್ಮನಿದ್ದಾಗ ಅದು ಎರಡರಲ್ಲೋ ಮೂರರಲ್ಲೋ ತೂಕಡಿಸಲಿ, ಬೈಯಬೇಡ.
ವೇಗ ಕೊಟ್ಟ ಹಾಗೆ ಏರಬೇಕು.
ನಿನ್ನ ಕೈ ಏರಿಸಿದರೂ ಅದು ಏರದಿದ್ದರೆ
ಪಂಪಿನ ರಬ್ಬರ್ ರೆಕ್ಕೆ ಸವೆದಿರುತ್ತದೆ,
ಇಲ್ಲ, ಕಿಂಡಿಗೆ ಏನೋ ಅಂಟಿರುತ್ತದೆ.
ಪುಸ್ತಕದ ಅಂಕಿ ಪುಸ್ತಕದ ಮೋಟಾರಿಗೆ.
ನಿನ್ನ ಮೋಟಾರಿನದು ನೀನೇ ಬರೆದಿಟ್ಟುಕೋ."

ಬರೆದಿಟ್ಟುಕೊಂಡೆ, ಮೀನು ತೂಗುವ ಪುಸ್ತಕದ ಕೊನೆಯ ಹಾಳೆಯಲ್ಲಿ:
ಅರ್ಧ ವೇಗಕ್ಕೆ ಹನ್ನೆರಡು. ಬಿಸಿ ಅರವತ್ತು.

"ಬಿಸಿ ತೀರಾ ಕಡಿಮೆ ತೋರಿಸಿದರೂ ಹಿಗ್ಗಬೇಡ,
ಒಳಗಿನ ಬಾಗಿಲು ತೆರೆದೇ ಕೂತಿರಬಹುದು."

ಅವನೀಗ ದೋಣಿಗೆ ಬರುವುದಿಲ್ಲ.
ಮಡಿಕೇರಿ ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಕಟ್ಟಿ
ನೂರ ಎಂಬತ್ತು ಅಂದರಂತೆ.
"ಕಿಂಡಿ ಎಲ್ಲಿ ಕಟ್ಟಿದೆ ಅಂತ ಕೇಳಿದೆ, ಮೋಳೇ,
ನರ್ಸಮ್ಮ ನಗಲೇ ಇಲ್ಲ."

ಇವತ್ತು ದೋಣಿಯ ತುಂಬ ಮರಿಮೀನು.
ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು,
ಒಂದೊಂದರಲ್ಲಿ ಉಗುರಿನುದ್ದದ ನೂರಾರು ಆತುರ.
ಪಳಂಗಪ್ಪ ಸಾಹೇಬರು ಮುಂದೆ ಕೂತು ಗಡಿಯಾರ ನೋಡುತ್ತಿದ್ದಾರೆ,
ಕೈಗೆ ಕಟ್ಟಿದ ಗಡಿಯಾರ.

ಮುಳುಗಿದ ಮರಗಳ ಬೊಡ್ಡೆ ದಾಟುವಾಗ
ಹನ್ನೆರಡು ಒಂಬತ್ತಾಯಿತು.
ನಾಲ್ಕು.
ಮುಳ್ಳು ಕಡ್ಡಿಗೆ ತಲೆಯಿಟ್ಟು ಮಲಗಿತು.

ಎಡಗಡೆಯದು ಮಾತ್ರ ಅರವತ್ತರಲ್ಲೇ,
ಊರಿಗೆ ಬೆಂಕಿ ಬಿದ್ದರೂ ಚಾ ಕುಡಿಯುವವನ ಹಾಗೆ.
"ಬಿಸಿ ಏನೂ ಇಲ್ಲವಲ್ಲ," ಸಾಹೇಬರು ಬಗ್ಗಿ ನೋಡಿದರು,
"ನಡಿ, ಆ ದಡ ಮುಟ್ಟಿಬಿಡೋಣ."

ನಾನು ಮೋಟಾರು ನಿಲ್ಲಿಸಿದೆ.

ಅಷ್ಟು ದೊಡ್ಡ ಮೌನಕ್ಕೆ ಅವರೂ ತಯಾರಿರಲಿಲ್ಲ.
ಎಲ್ಲೋ ನೀರುಕಾಗೆ ಮುಳುಗಿದ ಸದ್ದು.

ಮೋಟಾರನ್ನು ಎತ್ತಿ ಹಿಡಿದೆ:
ಕಿಂಡಿಯ ಮೇಲೆ ಚರ್ಮದ ಹಾಗೆ ಮೆತ್ತಿಕೊಂಡಿದೆ
ಮರಿಮೀನಿನ ಚೀಲ, ಖಾಲಿಯದು,
ಇಲಾಖೆಯ ಮುದ್ರೆ ಸಮೇತ.
ಹೋದ ವಾರ ನಾವೇ ಬಿಟ್ಟದ್ದು.
ಸಾಹೇಬರು ಆಚೆ ಗುಡ್ಡ ನೋಡಿದರು.

ಸಿಪ್ಪೆ ಸುಲಿದಂತೆ ಸುಲಿದು ತೆಗೆದು ಕೀಲಿ ತಿರುಗಿಸಿದೆ,
ಮೋಟಾರಿಗಲ್ಲ, ಮುಳ್ಳುಗಳಿಗೆ.
ಆಗ ಏರತೊಡಗಿತು ಎಡಗಡೆಯದು,
ಎಲ್ಲ ಮುಗಿದ ಮೇಲೆ: ಎಪ್ಪತ್ತು, ಎಂಬತ್ತು, ತೊಂಬತ್ತೈದು.
ನೀರೇ ಬರದಿದ್ದಾಗ
ಬಿಸಿಯ ಸುದ್ದಿ ಹೊತ್ತು ತರುವವರು ಯಾರು?
ಪಾಪ, ಅದು ಸುಳ್ಳು ಹೇಳಿರಲಿಲ್ಲ.
ಅದಕ್ಕೆ ಗೊತ್ತಾಗಿರಲಿಲ್ಲ.

ಆರಲಿ ಎಂದು ಕಾದೆವು.
ಇದ್ದಲ್ಲೇ ಬಿಡೋಣ ಅಂದರು ಸಾಹೇಬರು.
ಚೀಲಗಳನ್ನು ಬಾಯಿ ಬಿಚ್ಚದೆ ನೀರಿಗಿಳಿಸಿ ತೇಲಲು ಬಿಟ್ಟೆ:
ಒಳಗಿನ ನೀರು ಹೊರಗಿನ ನೀರಿನಷ್ಟೇ ತಣ್ಣಗಾಗಬೇಕು,
ಇಲ್ಲವಾದರೆ ಮರಿ ಬೆಚ್ಚಿ ಸಾಯುತ್ತದೆ.
ಇದಕ್ಕೆ ನನ್ನ ಬಳಿ ಮುಳ್ಳಿಲ್ಲ.
ಒಂದು ಕೈ ಚೀಲದ ಮೇಲೆ, ಒಂದು ಕೈ ಹಿನ್ನೀರಲ್ಲಿ,
ಎರಡೂ ಕೈ ಒಂದೇ ಮಾತು ಹೇಳುವ ತನಕ
ಇಪ್ಪತ್ತು ನಿಮಿಷ.

ಬಾಯಿ ಬಿಚ್ಚಿದಾಗ ಒಂದೇ ಸಲ ಹೋಗಲಿಲ್ಲ ಅವು.
ಒಂದು ಹೋಯಿತು, ನಿಂತಿತು.
ಆಮೇಲೆ ಎಲ್ಲ.

ಖಾಲಿ ಚೀಲಗಳನ್ನು ಎಣಿಸಿ ಕಾಲಡಿ ಮೆಟ್ಟಿಕೊಂಡೆ.
ಮೋಟಾರು ಎರಡು ಸಲ ಕೆಮ್ಮಿ ಎದ್ದಿತು,
ಧಾರೆ ಬಂತು, ಉಗುರುಬೆಚ್ಚಗೆ, ಮಣಿಕಟ್ಟಿನ ಮೇಲೆ.

ಕೊನೆಯ ಹಾಳೆಯಲ್ಲಿ ಬರೆದದ್ದು:
ಒತ್ತಡ ಹನ್ನೊಂದು. ಹನ್ನೆರಡಿಲ್ಲ.
ರಬ್ಬರ್ ರೆಕ್ಕೆ ಒಣಗಿ ಓಡಿದೆ, ಬದಲಿಸಬೇಕು,
ಮೊಯ್ದುಕಾಕನನ್ನು ಕೇಳಬೇಕು, ಮಾತ್ರೆ ನುಂಗಿದನೋ ಇಲ್ಲವೋ.
ಮರಿ ಮೂರು ಸಾವಿರ. ಸತ್ತದ್ದು ಏಳು.