ಜಾಮೀನು

ಮೂರು ಸಲ ಕೂಗಿದ ಜವಾನ:
ತಸ್ಲೀಮಾ ಬಾನು, ತಂದೆ ದಾದಾಪೀರ್.
ಮೂರನೆಯದಕ್ಕೆ ಎದ್ದೆ. ಮಂಡಿಗಳು
ಬೆಳಗಿನ ಬಿಗಿತ ಇನ್ನೂ ಬಿಟ್ಟಿರಲಿಲ್ಲ.

ಚರಾಸ್ತಿ: ಕುಕ್ಕರ್ ಒಂದು. ಹೊಲಿಗೆ ಯಂತ್ರ, ಅದೂ ಅಕ್ಕನದು.
ಸ್ಥಿರಾಸ್ತಿ: ಇಲ್ಲ.
ಸಾಲ: ಆರು ಲಕ್ಷ ನಲವತ್ತು ಸಾವಿರ ಚಿಲ್ಲರೆ.
ಉದ್ದೇಶ: ಫಿಜಿಯೋಥೆರಪಿ ಪದವಿ.

ಓದಿದವಳು, ದುಡಿಯೋಕೇನಂತೆ?
ಬ್ಯಾಂಕಿನ ವಕೀಲರು ಕೇಳಿದ್ದು ತಪ್ಪಲ್ಲ.
ಈ ದಾವಣಗೆರೆಯ ಎಷ್ಟು ಹೆಗಲು ಸಡಿಲಿಸಿಲ್ಲ ನಾನು,
ಮುಚ್ಚಿದ ಮಿಲ್ಲಿನ ಮುದುಕರ ಬೆನ್ನು,
ಬೆಣ್ಣೆದೋಸೆ ಹುಯ್ಯುವ ಕೊಟ್ರಪ್ಪನ ಮಣಿಕಟ್ಟು.
ಮಾತಾಡದೆ ಕೈ ಚಾಚಿದೆ.
ಬೆರಳುಗಳು ಒಂದೊಂದು ದಿಕ್ಕಿಗೆ,
ಪಾಲಾದ ಅಣ್ಣತಮ್ಮಂದಿರ ಹಾಗೆ.

ನ್ಯಾಯಾಧೀಶರು ಕನ್ನಡಕ ತೆಗೆದು ನೋಡಿದರು,
ಹಾಕಿಕೊಂಡು ಬರೆದರು.
ಪದವಿಯ ಸರ್ಟಿಫಿಕೇಟು ಹರಾಜಿಗೆ ಬರುವುದಿಲ್ಲವಂತೆ.

ಸಹಿ ಮಾಡಮ್ಮ, ಅಂದ ಗುಮಾಸ್ತ.
ಪೆನ್ನು ಎರಡು ಸಲ ಬಿತ್ತು.
ಮಸಿಯ ಡಬ್ಬಿ ತೆರೆದು ಮುಂದಿಟ್ಟ.

ಅಂದು ಮಂಡಕ್ಕಿ ಭಟ್ಟಿಯಿಂದ ನೆಟ್ಟಗೆ ಬ್ಯಾಂಕಿಗೆ
ಬಂದಿದ್ದಳು ಅಮ್ಮಿ, ಸೆರಗಿನ ಮಡಿಕೆಯಲ್ಲಿ ಮರಳು.
ಜಾಮೀನಿನ ಜಾಗದಲ್ಲಿ ಹೆಬ್ಬೆಟ್ಟೊತ್ತಿ
'ಇದೇ ಕೊನೇದು ಸಾಹೇಬ್ರೇ,
ಇನ್ನು ನಮ್ಮನೇಲಿ ಯಾರೂ ಒತ್ತಲ್ಲ'
ಅಂತ ಮ್ಯಾನೇಜರಿಗೆ ಕೇಳುವಷ್ಟು ಜೋರಾಗಿ ನಕ್ಕಿದ್ದಳು.

ಒತ್ತಿದೆ.
ಗುಮಾಸ್ತ ಕಾಗದಕ್ಕೆ ಊದುತ್ತ ತಗ್ಗಿದ ದನಿಯಲ್ಲಿ,
ಇದು ನಿನ್ನ ಪಾಲಿಗಷ್ಟೇ ತಾಯಿ,
ಜಾಮೀನು ನಿಂತವರ ಹೆಸರು ಹಾಗೇ ಉಳಿಯುತ್ತೆ.

ಹೊರಗೆ ಬೇವಿನ ಕಟ್ಟೆಯ ಮೇಲೆ
ಊಟದ ಡಬ್ಬಿ ಹಿಡಿದು ಕೂತಿದ್ದಾಳೆ.
ಏನಾಯ್ತು ಎಂಬಂತೆ ಕತ್ತೆತ್ತಿದಳು.
ನಾನು ಕೈಯನ್ನು ಬುರ್ಖಾದೊಳಗೆ
ಎಳೆದುಕೊಂಡೆ.