ಹಂಡೆ ದೋಣಿ

ಊರಿನವರು ಇಟ್ಟ ಹೆಸರು ಹಂಡೆ.
ಮೂತಿಯ ಮೇಲೆ ದಸ್ತಗೀರ್ ಸಾಬರು ಬರೆಸಿದ್ದು ಬೇರೆ,
ಎರಡು ಮಳೆಗೆ ಅಳಿಸಿಹೋಯಿತು.
ನೋಡಿದವರಿಗೆ ಹಾಗೇ ಕಾಣುವುದು:
ಯಾರದೋ ಬಚ್ಚಲೊಲೆಯನ್ನು ಬುಡಸಮೇತ ಕಿತ್ತು
ಹೇಮಾವತಿಯ ಹಿನ್ನೀರಿಗೆ ತಳ್ಳಿದ ಹಾಗೆ.

ನನಗೆ ಕೆಲಸ ಸಿಕ್ಕಿದ್ದು ತೋಳು ಸಣ್ಣದೆಂದು.
ಬಾಯ್ಲರಿನ ಪಕ್ಕೆಯಲ್ಲಿ ಒಂದು ಕಿಂಡಿ,
ತಿಂಗಳಿಗೊಮ್ಮೆ ಅದರೊಳಗೆ ಭುಜದವರೆಗೆ ಕೈ ಇಳಿಸಿ
ಕಟ್ಟಿದ ಕರ್ಲನ್ನು ಕೆರೆಯಬೇಕು.
ಮೊದಲ ದಿನ ಬಳೆ ತೆಗೆದಿಟ್ಟು ಕೂತೆ.
ವಿಷಯ ತಿಳಿದು ಅತ್ತೆ ಮೂರು ದಿನ ಮಾತು ಬಿಟ್ಟಳು,
ಮಗ ಬದುಕಿರುವಾಗಲೇ, ಎಂದು ಪಕ್ಕದ ಮನೆಯಲ್ಲಿ ಅತ್ತಳು.
ಮಗ ಗೊರಕೆ ಹೊಡೆಯುತ್ತಿದ್ದ.

ಒಲೆ ಹಚ್ಚಲು ನನಗೆ ಬರುತ್ತದೆ ಎಂದೆ.
ಬರುವುದಿಲ್ಲ ಎಂದರು ಸಾಬರು.
"ಬೆಂಕಿ ಆಮೇಲೆ ತಾಯಿ. ಮೊದಲು ನೀರು ನೋಡು."
ಗಾಜಿನ ಕೊಳವೆಯಲ್ಲಿ ಅರ್ಧಕ್ಕೆ ನಿಂತ ನೀರು
ಸುಳ್ಳು ಹೇಳೀತು. ಕೆಳಗಿನ ನಲ್ಲಿ ತಿರುಗಿಸು,
ಗುಳಕ್ಕೆಂದು ಇಳಿದು ಮತ್ತೆ ಏರಿದರೆ ನಂಬು.

ಸಿಲ್ವರ್ ಓಕಿನ ಚಕ್ಕೆ ಹೊತ್ತಿಸಲಿಕ್ಕೆ ಮಾತ್ರ,
ಆಮೇಲೆ ಸಕಲೇಶಪುರದ ತೋಟದಿಂದ ಬಂದ
ಮುದಿ ಕಾಫಿಗಿಡದ ಬೊಡ್ಡೆ, ಸಣ್ಣಗೆ, ತೆಳ್ಳಗೆ ಹರಡಿ.
ಒಂದೂಕಾಲು ಗಂಟೆ ಕಾಯಬೇಕು.
ಅಷ್ಟರಲ್ಲಿ ಡೀಸೆಲ್ ದೋಣಿಯ ಜಯರಾಜ
ಆಚೆ ದಡಕ್ಕೆ ಮೂರು ಸಲ ಹೋಗಿಬಂದಿರುತ್ತಾನೆ,
ಮೂರು ಸಲವೂ ಕೂಗುತ್ತಾನೆ, "ಕಾಫಿ ಆಯ್ತಾ ಅಕ್ಕಾ?"
ನಾನು ಪಿಸ್ಟನ್ ಕಡ್ಡಿಯ ಬಾಯಿಗೆ ಹಗ್ಗ ಸುತ್ತುತ್ತಿರುತ್ತೇನೆ,
ಮೇಣ ಸವರಿದ ಹತ್ತಿಹಗ್ಗ, ಮೂರು ಸುತ್ತು.
ಬಿಗಿದರೆ ಕಡ್ಡಿ ಸವೆಯುತ್ತದೆ, ಬಿಟ್ಟರೆ ಆವಿ ಉಗುಳುತ್ತದೆ.
ಬೆರಳಲ್ಲಿ ಬಿಗಿದು, ಸ್ಪ್ಯಾನರಿನಲ್ಲಿ ಅರ್ಧ ತಿರುವು.
ಅದು ಎಷ್ಟು ಅರ್ಧ ಎನ್ನುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು.

ಸಾಬರು ಅರಸೀಕೆರೆಯ ಲೋಕೋ ಶೆಡ್ಡಿನವರು.
ಎರಡೂ ಕಿವಿಗಳನ್ನು ಅಲ್ಲೇ ಕೊಟ್ಟು ಬಂದರು,
ಪಿಂಚಣಿಯಲ್ಲಿ ಅದರ ಲೆಕ್ಕವಿಲ್ಲ.
ಸ್ಕ್ರೂಡ್ರೈವರಿನ ಹಿಡಿ ಹಲ್ಲಲ್ಲಿ ಕಚ್ಚಿ
ತುದಿಯನ್ನು ಬೇರಿಂಗಿಗೆ ಮುಟ್ಟಿಸುತ್ತಾರೆ,
ಕಣ್ಣು ಮುಚ್ಚುತ್ತಾರೆ.
"ಎಡಗಡೆಯದಕ್ಕೆ ಎಣ್ಣೆ ಸಾಲದು."
ನನ್ನ ಒಳ್ಳೆಯ ಕಿವಿಗೆ ಅದು ಇನ್ನೂ ಕೇಳಿಸಿರುವುದಿಲ್ಲ.

ಆ ಆಶ್ವೀಜದಲ್ಲಿ ಒಂದು ದಿನ
ಒಂದು ಸ್ಟೀಲಿನ ಬೀರು, ಇಬ್ಬರು ಮೇಷ್ಟ್ರು, ಒಂದು ಹೇಂಟೆ,
ನಟ್ಟನಡು ನೀರಿನಲ್ಲಿ ಪಂಪಿನ ಬಾಯಿಗೆ ಜೊಂಡು ಸಿಕ್ಕಿತು.
ಮೇಷ್ಟ್ರು ಭತ್ಯೆಯ ಮಾತಾಡುತ್ತಿದ್ದರು.
ನಾನು ಗಾಜು ನೋಡಿದೆ: ಖಾಲಿ.
ಸುತ್ತ ಕಣ್ಣು ಹಾಯುವಷ್ಟೂ ನೀರು,
ಒಳಗೆ ಒಂದು ಬೊಗಸೆ ಇಲ್ಲ.
ಕೈಪಂಪಿನ ಹಿಡಿಗೆ ಕೈ ಹಾಕಿದೆ.
ಅವರು ಮಣಿಕಟ್ಟು ಹಿಡಿದರು. ಬಳೆಯಿಲ್ಲದ ಮಣಿಕಟ್ಟು.
"ಕಾದ ಬರಿಹೊಟ್ಟೆಗೆ ತಣ್ಣೀರಾ?"
ಅಷ್ಟು ಮೆಲ್ಲಗೆ ಅವರು ಮಾತಾಡಿದ್ದು ಅದೊಂದೇ ಸಲ.

ಸಲಿಕೆ ಸಲಿಕೆಯಾಗಿ ಬೆಂಕಿ ಬಾಚಿದೆವು.
ಕೆಂಡ ಹೊಳೆಗೆ ಬಿದ್ದು ಚುಂಯ್ ಎಂದಿತು.
ಚುಂಯ್. ಚುಂಯ್. ಹೇಂಟೆ ಮುದುಡಿತು.
ಆಮೇಲೆ ಎರಡು ಗಂಟೆ ಸುಮ್ಮನೆ ತೇಲಿದೆವು,
ಹಂಡೆ ತಾನಾಗಿ ತಣಿಯಲೆಂದು.
ಎಳೆದುಕೊಂಡು ಹೋಗಲು ಬಂದ ಜಯರಾಜ
ಹಗ್ಗ ಎಸೆದ. ಕಾಫಿ ಆಯ್ತಾ ಎನ್ನಲಿಲ್ಲ.

ಅಂದಿನಿಂದ ಮನೆಯಲ್ಲಿ ಸಾರು ಚೆಲ್ಲಿ
ಎಲ್ಲರೂ ಒಟ್ಟಿಗೆ ಕೂಗಾಡುವಾಗ
ನಾನು ಒಲೆಯಿಂದ ಸೌದೆ ಹಿಂದಕ್ಕೆಳೆಯುತ್ತೇನೆ.
ಅತ್ತೆ ಇದನ್ನು ಸೊಕ್ಕು ಎನ್ನುತ್ತಾಳೆ.

ಸಂಜೆ ದಡಕ್ಕೆ ಕಟ್ಟಿದ ಮೇಲೂ ಹಂಡೆ ಮಲಗುವುದಿಲ್ಲ.
ಕಬ್ಬಿಣ ಕುಗ್ಗುತ್ತಾ ಟಿಕ್ಕೆನ್ನುತ್ತದೆ,
ಸ್ವಲ್ಪ ಬಿಟ್ಟು ಮತ್ತೊಂದು ಟಿಕ್ಕು.
ಸಾಬರು ಬೀಡಿ ಹಚ್ಚಿ ನನ್ನ ಮುಖ ನೋಡುತ್ತಾರೆ.
"ಏನಂತಾ ಇದೆ?"
ಬೆರಳೆತ್ತಿ ಒಂದೊಂದಕ್ಕೂ ತೋರಿಸುತ್ತೇನೆ:
ಈಗ.
ಈಗ.
ತಡೀರಿ,